ರಾಹುಕಾಲಕ್ಕೆ ತಡೆಯುವವರು ಮೋಡಕ್ಕೆ ತಡೆಯರು

ಮಾಳಗಿಯ ಮೇಲೆ ಶಾವಿಗೆ, ಸಂಡಿಗೆ ಹಾಕಿದ ಹೆಂಗಸಿಗೆ ಮೋಡದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನನ್ನ ತವರು ಮಸರಕಲ್. ಬೇಸಿಗೆಯ ಮಧ್ಯಾಹ್ನ ನಮ್ಮವ್ವ ಮಾಳಗಿಯ ಮೇಲೆ ಮೆಣಸಿನಕಾಯಿ ಹರವಿ ಬಂದು ಕೆಳಗೆ ರೊಟ್ಟಿ ಬಡಿಯುತ್ತ ಕೂಡುತ್ತಿದ್ದಳು. ಒಲೆಯ ಮುಂದೆ ಕುಳಿತವಳಿಗೆ ಆಕಾಶ ಕಾಣುತ್ತಿರಲಿಲ್ಲ. ಆದರೂ ಆ ಸೆಕೆಯ ನಡುವೆ ಒಮ್ಮೆಲೇ ತಣ್ಣನೆಯ ಗಾಳಿ ಬಾಗಿಲಿನಿಂದ ನುಗ್ಗಿತೆಂದರೆ, ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಬಿಟ್ಟು, "ಏಳ್ರೇ, ಮಳಿ ಬಂತು" ಎನ್ನುತ್ತ ನಿಚ್ಚಣಿಕೆ ಏರುತ್ತಿದ್ದಳು. ನಾವು ಮಕ್ಕಳು ಮೆಣಸಿನಕಾಯಿ ಬಾಚಿ ಕೆಳಗಿಳಿಸುವಷ್ಟರಲ್ಲಿ ದಪ್ಪ ಹನಿಗಳು ಬೀಳತೊಡಗುತ್ತಿದ್ದವು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಮೋಡ ಗುಡುಗುವುದಕ್ಕೂ ಮೊದಲು ತಣ್ಣನೆಯ ಗಾಳಿಯನ್ನು ಕೆಳಗೆ ದಬ್ಬುತ್ತದೆ ಎಂಬುದು ಅವಳಿಗೆ ತಿಳಿದಿತ್ತು. ಮೆಣಸಿನಕಾಯಿಯಷ್ಟು ಅಗ್ಗದ ವಸ್ತುವಿಗಾಗಿ ಅವಳು ಮೋಡಕ್ಕೆ ಮರ್ಯಾದೆ ಕೊಡುತ್ತಿದ್ದಳು.

ಇದನ್ನು ಹೇಳುವುದಕ್ಕೆ ಕಾರಣವಿದೆ. ಸಣ್ಣ ವಿಮಾನವೋ ಹೆಲಿಕಾಪ್ಟರೋ ಮೋಡಕ್ಕೆ ಸಿಕ್ಕು ಬಿದ್ದಾಗಲೆಲ್ಲ ಮರುದಿನದ ಪತ್ರಿಕೆಯಲ್ಲಿ ಒಂದೇ ಸಾಲು ಇರುತ್ತದೆ: 'ಪ್ರತಿಕೂಲ ಹವಾಮಾನವೇ ಅಪಘಾತಕ್ಕೆ ಕಾರಣ.' ಆ ಸಾಲನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೋಡ ಇವರ ಮನೆಗೆ ಬಂದು ಬಾಗಿಲು ಬಡಿಯಿತೆ? ಮೋಡ ಇದ್ದಲ್ಲೇ ಇತ್ತು. ಹೋಗಿ ಹೊಕ್ಕವರು ಮನುಷ್ಯರು. ಹೊಳೆಯ ಮಹಾಪೂರದಲ್ಲಿ ಬಂಡಿ ಹೊಡೆದವನು ಮುಳುಗಿದರೆ ನಾವು ಹೊಳೆಯನ್ನಷ್ಟೇ ಬಯ್ಯುತ್ತೇವೆಯೆ?

2009ರ ಸೆಪ್ಟೆಂಬರ್ 2 ನಮ್ಮ ಕಡೆಯವರಿಗೆ ಚೆನ್ನಾಗಿ ನೆನಪಿದೆ. ಆಗಿನ ಆಂಧ್ರಪ್ರದೇಶದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರು ಬೆಳಿಗ್ಗೆ 8 ಗಂಟೆ 38 ನಿಮಿಷಕ್ಕೆ ಹೈದರಾಬಾದಿನ ಬೇಗಂಪೇಟೆಯಿಂದ ಚಿತ್ತೂರು ಜಿಲ್ಲೆಗೆ ಹೊರಟರು. ಜನರನ್ನು ಅವರ ಊರಲ್ಲೇ ಕಾಣುವ 'ರಚ್ಚಬಂಡ' ಎಂಬ ಕಾರ್ಯಕ್ರಮದ ಮೊದಲ ದಿನ ಅದು. ಒಂಬತ್ತೂವರೆಯೊಳಗೆ ಹೆಲಿಕಾಪ್ಟರಿನ ಸಂಪರ್ಕ ಕಡಿಯಿತು. ರಾಯಚೂರಿನ ನಮ್ಮ ಓಣಿಯಲ್ಲಿ ತೆಲುಗು ಬಲ್ಲ ಮನೆಗಳು ಬಹಳ. ಎಲ್ಲರ ಮನೆಯ ಟೀವಿಯೂ ಇಡೀ ದಿನ ಅದೇ ಸುದ್ದಿ ಹೇಳಿತು. ಮರುದಿನ ಬೆಳಿಗ್ಗೆ ನಲ್ಲಮಲ ಕಾಡಿನ ಪಾವುರಾಲಗುಟ್ಟ ಎಂಬ ಗುಡ್ಡದ ಮೇಲೆ ಚೂರುಗಳು ಸಿಕ್ಕವು. ಮುಖ್ಯಮಂತ್ರಿ, ಇಬ್ಬರು ಅಧಿಕಾರಿಗಳು, ಇಬ್ಬರು ಪೈಲಟರು – ಐವರಲ್ಲಿ ಒಬ್ಬರೂ ಉಳಿಯಲಿಲ್ಲ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ ನಮ್ಮ ಜನಕ್ಕೆ ಆ ಕಾಡು ಹೊರಗಿನದಲ್ಲ. ಅಲ್ಲಿಯ ಮುಂಗಾರಿನ ಮೋಡ ಹೇಗೆ ಗುಡ್ಡಕ್ಕೆ ಒರಗಿ ಕೂಡುತ್ತದೆ ಎಂಬುದನ್ನು ಕಣ್ಣಾರೆ ಕಂಡವರಿದ್ದಾರೆ.

ತನಿಖೆ ನಡೆಸಿದ ಸಮಿತಿ ಹೇಳಿದ್ದು ಬರೀ ಮೋಡದ ಮಾತಲ್ಲ. ಯಂತ್ರದ ಎಣ್ಣೆಯ ಒತ್ತಡ ಕಡಿಮೆಯಾಗಿದೆ ಎಂಬ ಎಚ್ಚರಿಕೆಯ ಸೂಚನೆ ಬಂದಿತ್ತು. ಅದಕ್ಕೇನು ಮಾಡಬೇಕೆಂದು ಪೈಲಟರಿಬ್ಬರೂ ಕೈಪಿಡಿಯಲ್ಲಿ ಹುಡುಕುತ್ತ ಬೆಲೆಬಾಳುವ ನಿಮಿಷಗಳನ್ನು ಕಳೆದರು. ಅಷ್ಟರಲ್ಲಿ ಹೆಲಿಕಾಪ್ಟರು ಗುಡುಗಿನ ಮೋಡದೊಳಗಿತ್ತು. ಮೇಲಿನಿಂದ ಕೆಳಗೆ ನುಗ್ಗುವ ಗಾಳಿ ಅದನ್ನು ಗುಡ್ಡಕ್ಕೆ ಬಡಿಯಿತು. ನಮ್ಮವ್ವನ ಒಲೆಯ ತನಕ ಬರುತ್ತಿದ್ದ ತಣ್ಣನೆಯ ಗಾಳಿಯೇ ಅದು. ಅವಳಿಗೆ ಅದು ಎಚ್ಚರಿಕೆ ಹೇಳಿ ಹೋಗುತ್ತಿತ್ತು. ಮೋಡದ ಹೊಟ್ಟೆಯೊಳಗೆ ಹೊಕ್ಕವರಿಗೆ ಎಚ್ಚರಿಕೆ ಹೇಳುವಷ್ಟು ಪುರುಸೊತ್ತು ಅದಕ್ಕಿರಲಿಲ್ಲ.

ಆ ದಿನ ಪಕ್ಕದ ಮನೆಯ ಹಿರಿಯಾಕೆ ಕಣ್ಣೊರೆಸಿಕೊಂಡು "ಹಣ್ಯಾಗ ಬರದದ್ದು ತಪ್ಪತದೇನವ್ವಾ" ಎಂದರು. ನಾನು ಸುಮ್ಮನಿದ್ದೆ. ಸಾವಿನ ಮನೆಯ ಮುಂದೆ ವಾದ ಮಾಡಬಾರದು. ಆದರೆ ಈಗ ಮಾಡುತ್ತೇನೆ.

ಹಣೆಬರಹವೆಂದರೆ ಒಮ್ಮೆ ಆಗಬೇಕು. ಇದು ಎಷ್ಟು ಸಲ? 1994ರ ಜುಲೈ 9ರಂದು ಪಂಜಾಬಿನ ರಾಜ್ಯಪಾಲ ಸುರೇಂದ್ರನಾಥರು ಕುಟುಂಬದವರನ್ನು ಕರೆದುಕೊಂಡು ಸರ್ಕಾರದ ಸಣ್ಣ ವಿಮಾನದಲ್ಲಿ ಹೊರಟಾಗ, ಮಳೆಗಾಲದ ಹಿಮಾಚಲದ ಬೆಟ್ಟಕ್ಕೆ ವಿಮಾನ ಬಡಿದು ಹದಿಮೂರು ಜನ ಸತ್ತರು. 2001ರ ಸೆಪ್ಟೆಂಬರ್ 30ರಂದು ಮಾಧವರಾವ್ ಸಿಂಧಿಯಾ ಕಾನ್ಪುರದ ಸಭೆಗೆ ಹೊರಟಿದ್ದರು. ಉತ್ತರಪ್ರದೇಶದ ಮೈನ್‌ಪುರಿಯ ಹತ್ತಿರ ಕೆಟ್ಟ ಹವೆಯಲ್ಲಿ ವಿಮಾನ ಬಿದ್ದು ಅವರ ಜೊತೆಗೆ ನಾಲ್ವರು ಪತ್ರಕರ್ತರೂ ಸೇರಿ ಎಂಟು ಜನ ಹೋದರು. ಆರು ತಿಂಗಳೂ ತುಂಬಲಿಲ್ಲ, 2002ರ ಮಾರ್ಚ್ 3ರಂದು ಲೋಕಸಭೆಯ ಅಧ್ಯಕ್ಷ ಬಾಲಯೋಗಿಯವರ ಹೆಲಿಕಾಪ್ಟರು ಭೀಮವರದಿಂದ ಹೊರಟು, ಏನೂ ಸರಿಯಾಗಿ ಕಾಣದ ಬೆಳಗಿನಲ್ಲಿ ಕೈಕಲೂರಿನ ಹತ್ತಿರ ಮೀನಿನ ಕೆರೆಗೆ ಬಿತ್ತು. ನಮ್ಮ ಕನ್ನಡದ ನಟಿ ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಚುನಾವಣೆಯ ಪ್ರಚಾರಕ್ಕೆ ಹೊರಟು ಅಣ್ಣನೊಂದಿಗೆ ಸುಟ್ಟುಹೋದದ್ದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ಅಲ್ಲಿ ಮೋಡದ ಮಾತಿರಲಿಲ್ಲ. ಆದ್ದರಿಂದ ಅದನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಸೇರಿಸದಿದ್ದರೂ ಲೆಕ್ಕ ಉದ್ದವೇ ಇದೆ.

ಬೇರೆ ದೇಶದವರು ಜಾಣರೆಂದು ತಿಳಿಯಬೇಡಿ. 1999ರ ಜುಲೈ 16ರ ರಾತ್ರಿ ಅಮೆರಿಕದ ಹಿಂದಿನ ಅಧ್ಯಕ್ಷ ಕೆನಡಿಯವರ ಮಗ ತಾನೇ ಸಣ್ಣ ವಿಮಾನ ನಡೆಸಿಕೊಂಡು, ಹೆಂಡತಿಯನ್ನೂ ಹೆಂಡತಿಯ ಅಕ್ಕನನ್ನೂ ಕೂರಿಸಿಕೊಂಡು ಹೊರಟ. ಕುಟುಂಬದಲ್ಲೊಂದು ಮದುವೆಯಿತ್ತು. ಸಮುದ್ರದ ಮೇಲೆ ಮಬ್ಬು ಕವಿದ ಕತ್ತಲೆಯಲ್ಲಿ ಆಕಾಶ ಯಾವುದು ನೀರು ಯಾವುದು ತಿಳಿಯದೆ ಮೂವರೂ ಸಮುದ್ರದ ಪಾಲಾದರು.

ಒಬ್ಬರು ಸಭೆಗೆ, ಇನ್ನೊಬ್ಬರು ಪ್ರಚಾರಕ್ಕೆ, ಮತ್ತೊಬ್ಬರು ಮದುವೆಗೆ. ಎಲ್ಲರಿಗೂ ಮುಟ್ಟಲೇಬೇಕಾದ ಊರೊಂದಿತ್ತು, ಕಾಯುತ್ತಿದ್ದ ಜನರಿದ್ದರು, ಮೀರಬಾರದ ಗಂಟೆಯೊಂದಿತ್ತು.

ಮೋಡದೊಳಗೆ ಹೊಕ್ಕರೆ ಆಗುವುದಾದರೂ ಏನು? ಅದೇನು ಗೋಡೆಯೆ, ಕಲ್ಲೆ ಎಂದು ನಾನೂ ಕೇಳಿಕೊಂಡಿದ್ದೆ. ಚಿಕ್ಕವರಿದ್ದಾಗ ಫುಗಡಿ ಆಡಿದವರಿಗೆ ಇದು ಬೇಗ ತಿಳಿಯುತ್ತದೆ. ಕೈ ಕೈ ಹಿಡಿದು ಗರಗರ ತಿರುಗಿ ಒಮ್ಮೆಲೇ ನಿಂತಾಗ ಭೂಮಿಯೇ ತಿರುಗುತ್ತಿರಲಿಲ್ಲವೆ? ಭೂಮಿ ತಿರುಗುತ್ತಿರಲಿಲ್ಲ. ನಮ್ಮ ಕಿವಿಯೊಳಗೆ ತೋಲ ನೋಡುವ ಒಂದು ದ್ರವವಿದೆ, ಅದು ನಮಗೆ ಸುಳ್ಳು ಹೇಳುತ್ತಿತ್ತು. ಕಣ್ಣು ಗೋಡೆಯನ್ನೋ ಗಿಡವನ್ನೋ ನೋಡಿ ಆ ಸುಳ್ಳನ್ನು ತಿದ್ದುತ್ತಿತ್ತು. ಮೋಡದೊಳಗೆ ಗೋಡೆಯಿಲ್ಲ, ಗಿಡವಿಲ್ಲ, ನೆಲವಿಲ್ಲ. ನಾಲ್ಕೂ ಕಡೆ ಬಿಳಿ. ವಿಮಾನ ಒಂದು ಕಡೆ ವಾಲಿ ಮೆಲ್ಲಗೆ ತಿರುಗತೊಡಗಿದರೂ ಕಿವಿ 'ನೆಟ್ಟಗಿದ್ದೀಯ' ಎನ್ನುತ್ತದೆ. ನೆಟ್ಟಗೆ ಮಾಡಿದರೆ 'ವಾಲಿದೆ' ಎನ್ನುತ್ತದೆ. ಇದಕ್ಕೆಂದೇ ವಿಮಾನದಲ್ಲಿ ಉಪಕರಣಗಳಿವೆ. ಆದರೆ ಮೈಯೆಲ್ಲ ಒಂದು ಹೇಳುತ್ತಿರುವಾಗ ಮುಳ್ಳು ಹೇಳಿದ್ದನ್ನೇ ನಂಬುವುದಕ್ಕೆ ಬೇರೆಯೇ ತರಬೇತಿ ಬೇಕು. ನೆಲ ನೋಡಿಕೊಂಡು ಹಾರಲು ಮಾತ್ರ ಕಲಿತವರಿಗೆ ಆ ತರಬೇತಿ ಇರುವುದಿಲ್ಲ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 1954ರಲ್ಲಿ ಅಂಥ 20 ಜನರನ್ನು ಆರಿಸಿ, ಹೊರಗಿನದೇನೂ ಕಾಣದಂತೆ ಮಾಡಿ ಪರೀಕ್ಷಿಸಿದರು. ಇಪ್ಪತ್ತಕ್ಕೆ ಇಪ್ಪತ್ತೂ ಜನ ವಿಮಾನದ ಹತೋಟಿ ಕಳೆದುಕೊಂಡರು. ಸರಾಸರಿ ಎಷ್ಟು ಹೊತ್ತಿನಲ್ಲಿ ಗೊತ್ತೆ? 178 ಸೆಕೆಂಡು. ಮೂರು ನಿಮಿಷವೂ ಇಲ್ಲ. ಸ್ಟವಿನ ಮೇಲಿಟ್ಟ ಚಹಾ ಕುದಿ ಬರುವಷ್ಟು ಹೊತ್ತೂ ಅಲ್ಲ.

ತರಬೇತಿ ಇದ್ದವರು ಗೆದ್ದರೆಂದೂ ಹೇಳುವಂತಿಲ್ಲ. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತರು, ಅವರ ಹೆಂಡತಿ ಮತ್ತು 12 ಜನ ಕೂತಿದ್ದ ವಾಯುಪಡೆಯ ದೊಡ್ಡ ಹೆಲಿಕಾಪ್ಟರು ಬಿತ್ತು. ಹವೆ ಒಮ್ಮೆಲೇ ಬದಲಾಗಿ ಮೋಡದೊಳಗೆ ಹೊಕ್ಕು, ದಿಕ್ಕು ನೆಲೆ ತಪ್ಪಿ ಗುಡ್ಡಕ್ಕೆ ಬಡಿಯಿತೆಂದು ತನಿಖೆ ಹೇಳಿತು. ಬದುಕಿ ಉಳಿದಿದ್ದ ಒಬ್ಬರೇ ಅಧಿಕಾರಿಯೂ ಒಂದು ವಾರ ಹೋರಾಡಿ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಸೈನ್ಯದ ನುರಿತ ಕೈಗಳಿಗೇ ಹೀಗಾದರೆ ಬಾಡಿಗೆಯ ಸಣ್ಣ ಯಂತ್ರಗಳ ಪಾಡೇನು?

ಈಗ ಬಾಡಿಗೆಯ ಯಂತ್ರಗಳ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಚುನಾವಣೆ ಬರುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಮಧ್ಯಾಹ್ನದ ಮೇಲೆ ಅರಳೆ ರಾಶಿ ಹಾಕಿದಂತೆ ಮೋಡ ಏಳುವುದೂ ಅದೇ ತಿಂಗಳಲ್ಲಿ. ಹಲವು ವರ್ಷಗಳ ಹಿಂದಿನ ಅಂಥದೊಂದು ಬೇಸಿಗೆಯಲ್ಲಿ ನಾನು ದೇವದುರ್ಗದ ಒಂದು ಸಭೆಗೆ ಹೋಗಿದ್ದೆ. ಪಕ್ಷ ಯಾವುದೆಂದು ಕೇಳಬೇಡಿ. ಈ ವಿಷಯದಲ್ಲಿ ಪಕ್ಷಗಳಲ್ಲಿ ಭೇದವಿಲ್ಲ. ಟ್ರ್ಯಾಕ್ಟರುಗಳಲ್ಲಿ ಕರೆತಂದ ಹೆಂಗಸರು ಸೆರಗು ಹೊದ್ದು ಬೆಳಗಿನಿಂದ ಕಾಯುತ್ತಿದ್ದರು. ಹನ್ನೊಂದಕ್ಕೆ ಬರಬೇಕಾದವರು ಮೂರಾದರೂ ಬರಲಿಲ್ಲ. ಪಡುವಣ ದಿಕ್ಕು ಕಪ್ಪಾಯಿತು. ಧೂಳುಗಾಳಿ ಎದ್ದು, ಹೆಲಿಪ್ಯಾಡಿಗೆ ಸುಣ್ಣದ ಪುಡಿಯಿಂದ ಹಾಕಿದ ಗುರುತೇ ಹಾರಿಹೋಯಿತು. ಒಬ್ಬ ಕಾರ್ಯಕರ್ತ ಫೋನಿನಲ್ಲಿ ಕೂಗುತ್ತಿದ್ದ: "ಮಂದಿ ಕಾದಾರ್ರಿ, ಹೆಂಗರ ಮಾಡಿ ಕಳಿಸ್ರಿ!" ಅಂತೂ ಹೆಲಿಕಾಪ್ಟರು ಗಾಳಿಯಲ್ಲಿ ಓಲಾಡುತ್ತ ಬಂದಿಳಿಯಿತು. ಭಾಷಣ ಹತ್ತೇ ನಿಮಿಷ. ಮತ್ತೆ ಅದೇ ಕಪ್ಪಿನ ಕಡೆಗೆ ಹಾರಿತು. ಪುಣ್ಯಕ್ಕೆ ಊರು ಮುಟ್ಟಿತು. ಬೆಳಿಗ್ಗೆ ಅಷ್ಟೊಂದು ತಡವಾದದ್ದೇಕೆಂದು ಆ ಕಾರ್ಯಕರ್ತನನ್ನು ಕೇಳಿದೆ. ಅವನು ಹೆಮ್ಮೆಯಿಂದ ಹೇಳಿದ: "ಸಾಹೇಬ್ರು ರಾಹುಕಾಲ ಕಳದ ಮ್ಯಾಲೇ ಮನಿ ಬಿಡೋದು, ಅಕ್ಕಾರ."

ಕಣ್ಣಿಗೆ ಕಾಣದ ರಾಹುವಿಗಾಗಿ ಒಂದೂವರೆ ತಾಸು ತಡೆಯಬಹುದು. ಕಣ್ಣೆದುರಿಗೆ ನಿಂತು ಗುಡುಗುವ ಮೋಡಕ್ಕಾಗಿ ಅರ್ಧ ತಾಸು ತಡೆಯಲಾಗದು! ಬೆಕ್ಕು ಅಡ್ಡ ಬಂದರೆ ತಿರುಗಿ ಬಂದು ನೀರು ಕುಡಿದು ಹೊರಡುವ ನಾಡಿನಲ್ಲಿ, ಹವೆ ಕೆಟ್ಟಿದೆ ಎಂದು ತಿರುಗಿ ಬಂದವನನ್ನು ಪುಕ್ಕಲನೆನ್ನುತ್ತೇವೆ. ಇದಕ್ಕಿಂತ ದೊಡ್ಡ ಮೂಢನಂಬಿಕೆ ನನಗಂತೂ ಗೊತ್ತಿಲ್ಲ.

'ಪೈಲಟ್ ಇದ್ದಾನಲ್ಲ, ಅವನಿಗೆ ತಿಳಿಯದೆ?' ಎನ್ನುತ್ತೀರಿ. ತಿಳಿಯುತ್ತದೆ. ಕಾನೂನೂ ಅವನ ಪರವಾಗಿಯೇ ಇದೆ. ಹೊರಡುವುದೋ ಬಿಡುವುದೋ, ಮುಂದುವರಿಯುವುದೋ ತಿರುಗುವುದೋ, ಕೊನೆಯ ಮಾತು ಅವನದೇ. ಹಿಂದೆ ಕುಳಿತವರು ಎಷ್ಟೇ ದೊಡ್ಡವರಾಗಿರಲಿ. ಆದರೆ ಕಾಗದದ ಮೇಲಿನ ಮಾತು ಬೇರೆ, ಸಂಬಳ ಎಣಿಸುವ ಮನೆಯ ಮಾತು ಬೇರೆ. ಇವತ್ತು ಒಲ್ಲೆ ಎಂದ ಪೈಲಟನನ್ನು ನಾಳೆ ಕರೆಯುತ್ತಾರೆಯೆ? ಇದು ನಮಗೆ ಹೊಸದೇನಲ್ಲ. ಮನೆಯಲ್ಲಿ ಬೇಡವೆನ್ನುವ ಹಕ್ಕು ನಮಗೂ ಉಂಟು ಎನ್ನುತ್ತಾರೆ. ಹೇಳಿ ನೋಡಿದವರಿಗೆ ಅದರ ಬೆಲೆ ಗೊತ್ತು.

ಯಾರೂ ಬಾಯಿಬಿಟ್ಟು ಒತ್ತಾಯ ಮಾಡಬೇಕೆಂದೂ ಇಲ್ಲ. 2020ರ ಜನವರಿ 26ರಂದು ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್, ಹದಿಮೂರು ವರ್ಷದ ಮಗಳನ್ನು ಆಟಕ್ಕೆ ಕರೆದೊಯ್ಯುತ್ತಿದ್ದಾಗ ಹೆಲಿಕಾಪ್ಟರು ಮೋಡ ಕವಿದ ಗುಡ್ಡಕ್ಕೆ ಬಡಿದು ಒಂಬತ್ತು ಜನ ಸತ್ತರು. ಅವರಲ್ಲಿ ಮೂವರು ಎಳೆಯ ಹುಡುಗಿಯರು. ತನಿಖೆಯವರು ಏನು ಕಂಡುಕೊಂಡರು? ದೊಡ್ಡ ಗಿರಾಕಿಯನ್ನು ಹೇಗಾದರೂ ಮುಟ್ಟಿಸಬೇಕೆಂಬ ಒತ್ತಡವನ್ನು ಪೈಲಟ್ ತನ್ನ ಮೇಲೆ ತಾನೇ ಹೇರಿಕೊಂಡಿರಬೇಕು. ಬಾಯಿಬಿಟ್ಟು ಹೇಳದ ಒತ್ತಡವೇ ಅಷ್ಟಾದರೆ, ಐದು ಸಾವಿರ ಜನ ಕಾಯುತ್ತಿದ್ದಾರೆಂದು ಕಿವಿಯಲ್ಲಿ ಕೂಗಿದ ಒತ್ತಡ ಎಷ್ಟಾಗಿರಬೇಡ!

ಇಲ್ಲಿಯವರೆಗೆ ದೊಡ್ಡವರನ್ನು ಬಯ್ದೆ. ಇನ್ನು ನನ್ನ ಸರದಿ.

2023ರಲ್ಲಿ ನಾವು ರಾಯಚೂರಿನ ಎಂಟು ಜನ ಹೆಂಗಸರು ಕೇದಾರಕ್ಕೆ ಹೋಗಿದ್ದೆವು. ಮೊಣಕಾಲು ನೋವಿನವರೇ ಹೆಚ್ಚು. ಹೀಗಾಗಿ ಹೆಲಿಕಾಪ್ಟರಿಗೆ ದುಡ್ಡು ಕಟ್ಟಿದ್ದೆವು. ಕಣಿವೆಯ ಕೆಳಗಿನ ಹೆಲಿಪ್ಯಾಡಿನಲ್ಲಿ ಬೆಳಿಗ್ಗೆ ಐದಕ್ಕೇ ಸಾಲು ಹಚ್ಚಿದೆವು. ಎಂಟಾಯಿತು, ಹತ್ತಾಯಿತು. ಮೇಲೆ ಮೋಡ ಕೂತಿದೆ, ಹಾರಾಟ ನಿಂತಿದೆ ಎಂದು ಕೌಂಟರಿನ ಹುಡುಗಿ ಹೇಳುತ್ತಲೇ ಇದ್ದಳು. ಮರುದಿನ ನಮಗೆ ರೈಲಿತ್ತು. ಹನ್ನೊಂದಕ್ಕೆ ನಾನು ಆ ಹುಡುಗಿಯ ಮೇಲೆ ಏರಿ ಹೋದೆ. "ಇಷ್ಟು ದುಡ್ಡು ತಗೊಂಡೀರಿ, ಇಷ್ಟು ದೂರದಿಂದ ಬಂದೀವಿ, ಒಂದು ಮೋಡಕ್ಕ ಹೆದರಿದ್ರ ಧಂದೆ ಯಾಕ ಮಾಡ್ತೀರಿ?" ಎಂದು ನನ್ನ ಹರಕು ಹಿಂದಿಯಲ್ಲಿ ಕೂಗಿದೆ. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಹುಡುಗಿ ತಲೆ ತಗ್ಗಿಸಿ ಕೂತಳು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಗುಡ್ಡದ ಕಡೆಗೇ ನೋಡುತ್ತಿದ್ದ ಪೈಲಟ್ ಒಮ್ಮೆ ತಿರುಗಿ ನನ್ನನ್ನು ನೋಡಿದ. ಏನೂ ಅನ್ನಲಿಲ್ಲ. ಆ ದಿನ ಅವನು ಹಾರಲೂ ಇಲ್ಲ. ಕೇದಾರನನ್ನು ಕಾಣದೇ ನಾವು ಕೆಳಗಿಳಿದೆವು. ದಾರಿಯುದ್ದಕ್ಕೂ ಅವನನ್ನು ಬಯ್ದೆವು.

ಅದಕ್ಕೂ ಮುಂಚೆಯೇ, 2022ರ ಅಕ್ಟೋಬರ್ 18ರಂದು, ಅದೇ ಕಣಿವೆಯಲ್ಲಿ ಯಾತ್ರಿಕರನ್ನು ಹೊತ್ತ ಹೆಲಿಕಾಪ್ಟರು ಮಂಜಿನಲ್ಲಿ ಬಡಿದು ಏಳು ಜನ ಸತ್ತಿದ್ದರು. ನನಗದು ನೆನಪಾಗಲೇ ಇಲ್ಲ. 2025ರ ಜೂನ್ 15ರ ಬೆಳಗಿನ ಜಾವ ಗೌರಿಕುಂಡದ ಹತ್ತಿರ ಮತ್ತೊಂದು ಬಿತ್ತು. ಕಣಿವೆಯಲ್ಲಿ ಮೋಡವಿತ್ತು. ಮತ್ತೆ ಏಳು ಜನ, ಅವರಲ್ಲೊಂದು ಹಸುಗೂಸು. ಆ ಸುದ್ದಿ ನೋಡುವಾಗ ಕುರ್ಚಿಯಲ್ಲಿ ಕುಳಿತ ಆ ಪೈಲಟನ ಮುಖ ನನ್ನ ಕಣ್ಣಮುಂದೆ ಬಂತು. ನನ್ನ ಕೂಗಿಗೆ ಅವನು ಮಣಿದಿದ್ದರೆ? ಅಂಥ ಕೂಗಿಗೆ ಮಣಿದ ಮತ್ತೊಬ್ಬನಿದ್ದರೆ? ಕೊಂದವರ ಪಟ್ಟಿಯಲ್ಲಿ ನನ್ನಂಥವಳ ಹೆಸರೂ ಇರಬೇಡವೆ? ಪತ್ರಿಕೆಯವರು ಮಾತ್ರ 'ಪ್ರತಿಕೂಲ ಹವಾಮಾನ' ಎಂದೇ ಬರೆಯುತ್ತಿದ್ದರು.

ಅವ್ವನ ತವರು ಕೃಷ್ಣಾ ನದಿಯ ದಂಡೆಯ ಊರು. ಅಲ್ಲಿ ಒಬ್ಬ ಅಂಬಿಗರ ಮುತ್ಯಾ ಇದ್ದ. ನಮ್ಮ ಚಿಗವ್ವನ ಮದುವೆಯ ದಿಬ್ಬಣ ಹೊಳೆ ದಾಟಬೇಕಿತ್ತು. ಅಕ್ಕಿಕಾಳಿನ ಹೊತ್ತು ಹತ್ತಿರ ಬಂದಿತ್ತು. ಅಷ್ಟರಲ್ಲಿ ಗಾಳಿ ತಿರುಗಿತು. ಮುತ್ಯಾ ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿದ. ಊರಗೌಡರು ಕೂಗಾಡಿದರು, ದುಡ್ಡು ತೋರಿಸಿದರು, ಕೊನೆಗೆ ಊರು ಬಿಡಿಸುತ್ತೇನೆಂದರು. ಮುತ್ಯಾ ಬೋರಲು ಹರಿಗೋಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬೀಡಿ ಹಚ್ಚಿ ಅಂದನಂತೆ: "ಗೌಡ್ರ, ಹೊಳಿ ನಿಮ್ದೂ ಅಲ್ಲ, ನಂದೂ ಅಲ್ಲ. ಹರಿಗೋಲು ಮಾತ್ರ ನಂದು. ಇವತ್ತು ಬ್ಯಾಡ."

ನಮ್ಮ ಆಕಾಶಕ್ಕೆ ಬೇಕಾದದ್ದು ಆ ಅಂಬಿಗ. ಅಂಥವರು ಇದ್ದಾರೆ. ಅವರನ್ನು ಬದುಕಗೊಡದವರು ನಾವು. ಕಲಬುರಗಿಯಲ್ಲಿ 2019ರಲ್ಲಿ ವಿಮಾನ ಇಳಿಯತೊಡಗಿತು. ನಮ್ಮ ಯರಮರಸ್‌ನಲ್ಲೂ ಇಳಿಯಬೇಕೆಂಬ ಆಸೆ ಹಳೆಯದು. ಇಳಿಯಲಿ, ನನಗೂ ಸಂತೋಷವೇ. ಆದರೆ ವಿಮಾನದ ಜೊತೆಗೆ ವಿಮಾನದ ಶಿಸ್ತೂ ಬರಲಿ. ಗಣ್ಯರು ಬರುವುದು ತಡವಾದರೆ, ಬಾರದೇ ಹೋದರೆ, ಕುರ್ಚಿ ಒದ್ದು ಏಳುವುದನ್ನು ಬಿಡೋಣ. 'ಮೋಡ ನೋಡಿ ತಿರುಗಿ ಹೋದರು' ಎಂದು ಕೇಳಿದಾಗ ಅವರಿಗೆ ಬುದ್ಧಿಯಿದೆ ಎನ್ನೋಣ. ಯಾತ್ರೆಗೆ ಹೋಗುವಾಗ ಎರಡು ದಿನ ಹೆಚ್ಚು ಇಟ್ಟುಕೊಂಡು ಹೋಗೋಣ. ಕೌಂಟರಿನ ಹುಡುಗಿ 'ಇಲ್ಲ' ಎಂದರೆ ಅವಳಿಗೊಂದು ನಮಸ್ಕಾರ ಹೇಳೋಣ. ಪತ್ರಿಕೆಯವರು ಹವಾಮಾನದ ಮೇಲೆ ತಪ್ಪು ಹೊರಿಸಿದರೆ, 'ಹೊರಡು ಎಂದವರು ಯಾರು?' ಎಂದು ಒಂದು ಕಾರ್ಡು ಬರೆದು ಕೇಳೋಣ.

ಚಿಗವ್ವನ ಮುಹೂರ್ತ ಅಂದು ತಪ್ಪಿತು. ದಿಬ್ಬಣ ದಂಡೆಯ ಗುಡಿಯಲ್ಲಿ ಮಲಗಿ ಮರುದಿನ ಹೊಳೆ ದಾಟಿತು. ರಾಹುಕಾಲವೋ ಗುಳಿಕಕಾಲವೋ ನೋಡದೆ ಅಕ್ಕಿಕಾಳು ಬಿದ್ದವು. ಮುಹೂರ್ತ ತಪ್ಪಿದವಳೆಂದು ಮೂಗು ಮುರಿದವರು ಬಹಳ ಜನ. ಚಿಗವ್ವ ಐದು ಮಕ್ಕಳನ್ನು ಹೆತ್ತು, ಮೊಮ್ಮಕ್ಕಳ ಮದುವೆ ಕಂಡು, ತನ್ನ ಹಾಸಿಗೆಯಲ್ಲಿ ಮಲಗಿಯೇ ಕಣ್ಣು ಮುಚ್ಚಿದಳು.